ದತ್ತಾಂಶ ಸಂಗ್ರಹ ಸಾಧನದ ಬಿಡಿಭಾಗ ಬದಲಾವಣೆ

ದತ್ತಾಂಶ ಸಂಗ್ರಹ ಸಾಧನದ ಬಿಡಿಭಾಗ ಬದಲಾವಣೆ ಎಂದರೆ ಸರ್ವರ್, ನೆಟ್‌ವರ್ಕ್ ಸಂಗ್ರಹ ಪೆಟ್ಟಿಗೆ ಅಥವಾ ಸಾಮಾನ್ಯ ಗಣಕಯಂತ್ರದ ಒಳಗೆ ಕೆಟ್ಟುಹೋದ ಹಾರ್ಡ್ ಡಿಸ್ಕ್, ಪವರ್ ಸಪ್ಲೈ, ಫ್ಯಾನು, ಕಂಟ್ರೋಲರ್ ಮೊದಲಾದ ಭಾಗವನ್ನು ತೆಗೆದು, ಸಂಗ್ರಹದಲ್ಲಿರುವ ದತ್ತಾಂಶಕ್ಕೆ ಹಾನಿಯಾಗದಂತೆ ಹೊಸ ಭಾಗವನ್ನು ಜೋಡಿಸುವ ಕಾರ್ಯ. ಇತರ ಯಂತ್ರಗಳ ದುರಸ್ತಿಗೂ ಇದಕ್ಕೂ ಒಂದು ಮುಖ್ಯ ವ್ಯತ್ಯಾಸವಿದೆ. ನೀರಾವರಿ ಪಂಪ್‌ಸೆಟ್ಟಿನ ಮೋಟರು ಸುಟ್ಟರೆ ಹೊಸದನ್ನು ತಂದು ಕೂರಿಸಿದಾಗ ನಷ್ಟ ತುಂಬುತ್ತದೆ. ಡಿಸ್ಕನ್ನೂ ಅಂಗಡಿಯಲ್ಲಿ ಕೊಳ್ಳಬಹುದು, ಆದರೆ ಅದರೊಳಗಿದ್ದ ದಾಖಲೆಯನ್ನು ಕೊಳ್ಳಲಾಗದು. ಆದ್ದರಿಂದ ಈ ಕೆಲಸದಲ್ಲಿ ಯಂತ್ರವನ್ನು ಮತ್ತೆ ಚಾಲೂ ಮಾಡುವುದಕ್ಕಿಂತ ದತ್ತಾಂಶವನ್ನು ಕಾಪಾಡುವುದೇ ಮೊದಲ ಗುರಿಯಾಗಿರುತ್ತದೆ.

ಹಿನ್ನೆಲೆ

ಮೊದಲ ವಾಣಿಜ್ಯ ಹಾರ್ಡ್ ಡಿಸ್ಕನ್ನು ಐಬಿಎಂ ಸಂಸ್ಥೆಯು 1956ರಲ್ಲಿ ಹೊರತಂದಿತು. 24 ಅಂಗುಲ ವ್ಯಾಸದ 50 ತಟ್ಟೆಗಳಿದ್ದ ಆ ಯಂತ್ರ 50 ಲಕ್ಷ ಅಕ್ಷರಗಳನ್ನು ಮಾತ್ರ ಹಿಡಿಯುತ್ತಿತ್ತು. ಅನೇಕ ಸಣ್ಣ ಡಿಸ್ಕುಗಳನ್ನು ಒಂದುಗೂಡಿಸಿ, ಅವುಗಳಲ್ಲಿ ಒಂದು ಕೆಟ್ಟರೂ ದತ್ತಾಂಶ ಉಳಿಯುವಂತೆ ಜೋಡಿಸುವ 'ರೇಡ್' ವಿಧಾನವನ್ನು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಶಾಖೆಯ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್ ಮತ್ತು ರ‍್ಯಾಂಡಿ ಕಾಟ್ಜ್ 1988ರ ಪ್ರಬಂಧದಲ್ಲಿ ವಿವರಿಸಿದರು. ಕೆಟ್ಟ ಡಿಸ್ಕನ್ನು ಯಂತ್ರ ನಡೆಯುತ್ತಿರುವಾಗಲೇ ಬದಲಿಸುವ ಇಂದಿನ ಪದ್ಧತಿ ಇಂತಹ ಜೋಡಣೆಯನ್ನು ಆಧರಿಸಿದೆ.

ಹಾಸನ ಜಿಲ್ಲೆಯ ಸಂದರ್ಭ

ಸಂಗ್ರಹ ಸಾಧನದ ಸುರಕ್ಷತೆ ದೊಡ್ಡ ನಗರಗಳಿಗೆ ಸೀಮಿತವಾದ ವಿಷಯವಲ್ಲ. ಕರ್ನಾಟಕದ ಕಂದಾಯ ಇಲಾಖೆಯು 2000ದ ದಶಕದ ಆರಂಭದಲ್ಲಿ 'ಭೂಮಿ' ಯೋಜನೆಯ ಮೂಲಕ ಸುಮಾರು 67 ಲಕ್ಷ ಭೂಮಾಲೀಕರಿಗೆ ಸೇರಿದ ಸುಮಾರು 2 ಕೋಟಿ ಭೂದಾಖಲೆಗಳನ್ನು ಗಣಕೀಕರಿಸಿತು. ತಂತ್ರಾಂಶವನ್ನು ರಾಷ್ಟ್ರೀಯ ಸೂಚನಾ ವಿಜ್ಞಾನ ಕೇಂದ್ರ ರೂಪಿಸಿತು. ಅರಸೀಕೆರೆ, ಬೇಲೂರು ಸೇರಿದಂತೆ ತಾಲ್ಲೂಕು ಕೇಂದ್ರಗಳಲ್ಲಿ ರೈತರು ಮುದ್ರಿತ ಪಹಣಿ ಪಡೆಯುವ ವ್ಯವಸ್ಥೆ ಬಂದಿತು. ಹಳೇಬೀಡು ಬೇಲೂರು ತಾಲ್ಲೂಕಿಗೆ ಸೇರಿದೆ. ಮೊದಲ ವರ್ಷಗಳಲ್ಲಿ ದತ್ತಾಂಶವು ತಾಲ್ಲೂಕು ಮಟ್ಟದ ಸರ್ವರುಗಳಲ್ಲಿಯೇ ಇದ್ದು, ಅನಂತರ ರಾಜ್ಯ ದತ್ತಾಂಶ ಕೇಂದ್ರಕ್ಕೆ ವರ್ಗಾವಣೆಯಾಯಿತು. ಕೈಬರಹದ ಪಹಣಿಯ ಬಳಕೆಯನ್ನು ನಿಲ್ಲಿಸಿದ್ದರಿಂದ, ಬೆಳೆ ಸಾಲ, ಖಾತೆ ಬದಲಾವಣೆ, ಪಾಲು ವಿಭಾಗ ಇವೆಲ್ಲಕ್ಕೂ ಗಣಕದಲ್ಲಿರುವ ದಾಖಲೆಯೇ ಆಧಾರವಾಯಿತು.

ಒಂದೇ ಪ್ರತಿಯಲ್ಲಿ ಉಳಿದ ದಾಖಲೆಯ ಅಪಾಯವನ್ನು ಈ ಪ್ರದೇಶದ ಶಾಸನಗಳೂ ತೋರಿಸುತ್ತವೆ. ಹೊಯ್ಸಳರ ಕಾಲದ ಕಲ್ಲಿನ ಬರಹ ಶತಮಾನಗಳವರೆಗೆ ಬಾಳಿದರೂ ಅಕ್ಷರ ಸವೆದರೆ ಅಥವಾ ಕಲ್ಲು ಒಡೆದರೆ ಆ ಭಾಗ ಮರಳಿ ಬರುವುದಿಲ್ಲ. ಬಿ. ಎಲ್. ರೈಸ್ ಅವರು ಹಾಸನ ಜಿಲ್ಲೆಯ ಶಾಸನಗಳನ್ನು 1902ರಲ್ಲಿ 'ಎಪಿಗ್ರಾಫಿಯ ಕರ್ನಾಟಿಕ'ದ 5ನೆಯ ಸಂಪುಟವಾಗಿ ಮುದ್ರಿಸಿದಾಗ ಅವುಗಳ ಪಾಠಕ್ಕೆ ಎರಡನೆಯ ನೆಲೆ ದೊರೆಯಿತು. ಗಣಕದ ಬ್ಯಾಕಪ್ ಮಾಡುವುದೂ ಇದೇ ಕೆಲಸವನ್ನು.

ಸ್ಥಳೀಯ ಹವೆಯೂ ಗಮನಾರ್ಹ. ಅರಸೀಕೆರೆ ಜಿಲ್ಲೆಯ ಪೂರ್ವಭಾಗದ ಬಯಲುಸೀಮೆಯಲ್ಲಿದೆ. ಅಲ್ಲಿನ ಬೇಸಿಗೆಯ ಒಣಹವೆಯಲ್ಲಿ ಸ್ಥಿರ ವಿದ್ಯುತ್ತು ಸುಲಭವಾಗಿ ಕೂಡುತ್ತದೆ ಮತ್ತು ದೂಳು ಫ್ಯಾನುಗಳಲ್ಲಿ ಕಟ್ಟಿಕೊಳ್ಳುತ್ತದೆ. ಯಗಚಿ ನದಿಯ ದಡದ ಬೇಲೂರು ಮಲೆನಾಡಿನ ಅಂಚಿನಲ್ಲಿದ್ದು, ಮಳೆಗಾಲದ ತೇವದಿಂದ ಲೋಹದ ಸಂಪರ್ಕಬಿಂದುಗಳು ಮಾಸುವ ಸಾಧ್ಯತೆ ಹೆಚ್ಚು. ಮುಂಗಾರಿಗೆ ಮುಂಚಿನ ಗುಡುಗು ಮಿಂಚಿನ ದಿನಗಳಲ್ಲಿ ವಿದ್ಯುತ್ ಏರಿಳಿತದಿಂದ ಪವರ್ ಸಪ್ಲೈ ಕೆಡಬಹುದು.

ಬದಲಿಸಬಹುದಾದ ಮುಖ್ಯ ಭಾಗಗಳು

ಹಾರ್ಡ್ ಡಿಸ್ಕ್: ಇದರಲ್ಲಿ ಕಾಂತೀಯ ಲೇಪವುಳ್ಳ ತಟ್ಟೆಗಳು ನಿಮಿಷಕ್ಕೆ ಸಾಮಾನ್ಯವಾಗಿ 5,400 ಅಥವಾ 7,200 ಬಾರಿ ಸುತ್ತುತ್ತವೆ. ಓದುವ ಮತ್ತು ಬರೆಯುವ ಹೆಡ್ಡು ತಟ್ಟೆಯಿಂದ ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ತೇಲುತ್ತದೆ. ದೂಳಿನ ಕಣ ಇದಕ್ಕಿಂತ ಬಹಳ ದೊಡ್ಡದು. ಆದ್ದರಿಂದ ಡಿಸ್ಕಿನ ಮುಚ್ಚಳವನ್ನು ಸಾಮಾನ್ಯ ಕೋಣೆಯಲ್ಲಿ ತೆರೆಯಬಾರದು. ಬಳಕೆದಾರರ ಮಟ್ಟಿಗೆ ಇಡೀ ಡಿಸ್ಕೇ ಒಂದು ಬಿಡಿಭಾಗ.

ಎಸ್‌ಎಸ್‌ಡಿ: ಇದರಲ್ಲಿ ಚಲಿಸುವ ಭಾಗಗಳಿಲ್ಲ. ಕೆಡುವ ಮುನ್ನ ಶಬ್ದದ ಸುಳಿವು ಸಿಗುವುದಿಲ್ಲ.

ಪವರ್ ಸಪ್ಲೈ: ವಿದ್ಯುತ್ ಕಡಿತಗೊಳಿಸಿದ ಮೇಲೂ ಇದರ ಒಳಗಿನ ಕೆಪಾಸಿಟರುಗಳಲ್ಲಿ ಅಪಾಯಕಾರಿ ವಿದ್ಯುತ್ತು ಉಳಿದಿರಬಹುದು. ಘಟಕವನ್ನು ಬಿಚ್ಚದೆ ಇಡಿಯಾಗಿ ಬದಲಿಸಬೇಕು.

ಫ್ಯಾನು: ಅಗ್ಗದ ಭಾಗವಾದರೂ ಇದು ನಿಂತರೆ ಡಿಸ್ಕುಗಳೆಲ್ಲ ಒಟ್ಟಿಗೆ ಬಿಸಿಯಾಗುತ್ತವೆ.

ಕಂಟ್ರೋಲರ್ ಮತ್ತು ಅದರ ಬ್ಯಾಟರಿ: ರೇಡ್ ಕಂಟ್ರೋಲರ್ ಇನ್ನೂ ಡಿಸ್ಕಿಗೆ ತಲುಪದ ದತ್ತಾಂಶವನ್ನು ತನ್ನ ನೆನಪಿನಲ್ಲಿ ಕ್ಷಣಕಾಲ ಹಿಡಿದಿಡುತ್ತದೆ. ವಿದ್ಯುತ್ ಹೋದಾಗ ಅದನ್ನು ಉಳಿಸುವುದು ಬ್ಯಾಟರಿ. ಅದು ದುರ್ಬಲವಾದಾಗ ಅನೇಕ ಕಂಟ್ರೋಲರುಗಳು ನೇರವಾಗಿ ಡಿಸ್ಕಿಗೇ ಬರೆಯುವ ನಿಧಾನಗತಿಯ ಕ್ರಮಕ್ಕೆ ಬದಲಾಗುತ್ತವೆ. ಸರ್ವರ್ ಕಾರಣವಿಲ್ಲದೆ ನಿಧಾನವಾದಂತೆ ಕಂಡರೆ ಇದನ್ನೂ ಪರೀಕ್ಷಿಸಬೇಕು.

ದೋಷದ ಲಕ್ಷಣಗಳು

ಡಿಸ್ಕುಗಳು ತಮ್ಮ ಸ್ಥಿತಿಯನ್ನು 'ಸ್ಮಾರ್ಟ್' ಎಂಬ ಸ್ವಪರೀಕ್ಷಾ ವ್ಯವಸ್ಥೆಯಲ್ಲಿ ದಾಖಲಿಸುತ್ತವೆ. ಅದರಲ್ಲಿ 5ನೆಯ ಸಂಖ್ಯೆ ಕೆಟ್ಟುಹೋಗಿ ಬದಲಿ ಜಾಗಕ್ಕೆ ಸರಿಸಲಾದ ಸೆಕ್ಟರುಗಳನ್ನು, 197 ಓದಲಾಗದೆ ಬಾಕಿಯಿರುವ ಸೆಕ್ಟರುಗಳನ್ನು, 198 ಪರೀಕ್ಷೆಯಲ್ಲಿ ಸರಿಪಡಿಸಲಾಗದೆ ಉಳಿದವನ್ನು ಸೂಚಿಸುತ್ತವೆ. ಈ ಎಣಿಕೆಗಳು ಏರುತ್ತಾ ಹೋದರೆ ಡಿಸ್ಕನ್ನು ಬದಲಿಸುವುದು ಒಳ್ಳೆಯದು. ಲಯಬದ್ಧವಾದ ಟಕ್ ಟಕ್ ಸದ್ದು ಹೆಡ್ಡಿನ ದೋಷವನ್ನು ಸೂಚಿಸುತ್ತದೆ. ಸ್ಮಾರ್ಟ್ ವರದಿ ಸರಿಯಿದ್ದ ಮಾತ್ರಕ್ಕೆ ಡಿಸ್ಕು ಸುರಕ್ಷಿತವೆಂದು ಭಾವಿಸುವಂತಿಲ್ಲ. ಯಾವ ಎಚ್ಚರಿಕೆಯೂ ಇಲ್ಲದೆ ಕೆಡುವ ಡಿಸ್ಕುಗಳೂ ಇವೆ.

ಡಿಸ್ಕು ಕಾಣೆಯಾಗುವುದಕ್ಕೆ ಸಡಿಲವಾದ ಕೇಬಲ್ಲು, ಮಾಸಿದ ಸಂಪರ್ಕಬಿಂದು ಅಥವಾ ದುರ್ಬಲ ಪವರ್ ಸಪ್ಲೈ ಕೂಡ ಕಾರಣವಿರಬಹುದು. ಒಂದೇ ಸ್ಥಾನದಲ್ಲಿ ಹೊಸ ಡಿಸ್ಕೂ ಕೆಟ್ಟಂತೆ ಕಂಡರೆ ದೋಷ ಬಹುಶಃ ಡಿಸ್ಕಿನದಲ್ಲ.

ಪೂರ್ವಸಿದ್ಧತೆ

ಕೆಲಸಕ್ಕೆ ಮೊದಲು ಬ್ಯಾಕಪ್ ಇದೆಯೇ ಎಂದು ನೋಡುವುದಷ್ಟೇ ಸಾಲದು. ಅದರಿಂದ ಕೆಲವು ಕಡತಗಳನ್ನು ಬೇರೆ ಯಂತ್ರದಲ್ಲಿ ತೆರೆದು ಪರೀಕ್ಷಿಸಬೇಕು. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಬೇರೆ ಊರಿನಲ್ಲಿ ಅಥವಾ ಬೇರೆ ಕಟ್ಟಡದಲ್ಲಿ ಎಂಬುದು ವ್ಯಾಪಕವಾಗಿ ಪಾಲಿಸುವ ನಿಯಮ. ರೇಡ್ ಬ್ಯಾಕಪ್ಪಿಗೆ ಬದಲಿಯಲ್ಲ. ತಪ್ಪಿ ಅಳಿಸಿದ ಕಡತ ರೇಡಿನ ಎಲ್ಲ ಡಿಸ್ಕುಗಳಿಂದಲೂ ಅದೇ ಕ್ಷಣದಲ್ಲಿ ಅಳಿದುಹೋಗುತ್ತದೆ.

ಬದಲಿ ಡಿಸ್ಕಿನ ಸಾಮರ್ಥ್ಯ ಹಳೆಯದರಷ್ಟೇ ಅಥವಾ ಅದಕ್ಕಿಂತ ಹೆಚ್ಚಿರಬೇಕು. ಸಂಪರ್ಕದ ಬಗೆ ಮತ್ತು ಸೆಕ್ಟರಿನ ಗಾತ್ರ ಹೊಂದಬೇಕು. ತಂಪು ಕೋಣೆಯಿಂದ ತೇವದ ಹವೆಗೆ ತಂದ ಡಿಸ್ಕಿನ ಮೇಲೆ ನೀರಿನ ಹನಿ ಕಟ್ಟಬಹುದಾದ್ದರಿಂದ, ಅದು ಕೋಣೆಯ ಉಷ್ಣತೆಗೆ ಬರುವವರೆಗೆ ಹೊದಿಕೆಯನ್ನು ತೆಗೆಯಬಾರದು.

ಸ್ಥಿರ ವಿದ್ಯುತ್ತಿನಿಂದ ರಕ್ಷಣೆ

ಮನುಷ್ಯನಿಗೆ ಚುರುಕೆನ್ನುವ ಅನುಭವವಾಗಲು ಸ್ಥಿರ ವಿದ್ಯುತ್ತು ಸುಮಾರು 3,000 ವೋಲ್ಟ್ ಇರಬೇಕು. ಆದರೆ ಕೆಲವು ಎಲೆಕ್ಟ್ರಾನಿಕ್ ಭಾಗಗಳು 100 ವೋಲ್ಟಿಗಿಂತ ಕಡಿಮೆಯಲ್ಲಿಯೂ ಕೆಡಬಲ್ಲವು. ಹೀಗಾಗಿ ಕೆಲಸ ಮಾಡುವವರಿಗೆ ಅರಿವಾಗದೆಯೇ ಹಾನಿ ಆಗಿರುತ್ತದೆ. ಭೂಸಂಪರ್ಕವುಳ್ಳ ಮಣಿಕಟ್ಟು ಪಟ್ಟಿಯನ್ನು ಧರಿಸುವುದು ಉತ್ತಮ ಕ್ರಮ. ಈ ಪಟ್ಟಿಯಲ್ಲಿ ಧರಿಸಿದವರ ರಕ್ಷಣೆಗಾಗಿ ಸಾಮಾನ್ಯವಾಗಿ 10 ಲಕ್ಷ ಓಮ್ ರೋಧಕ ಇರುತ್ತದೆ. ಬರಿಯ ತಂತಿಯನ್ನು ಕೈಗೆ ಸುತ್ತಿಕೊಳ್ಳುವುದು ಅಪಾಯಕರ. ಡಿಸ್ಕನ್ನು ಅಂಚುಗಳಲ್ಲಿ ಹಿಡಿಯಬೇಕು, ಅದರ ಸರ್ಕಿಟ್ ಹಲಗೆಯನ್ನು ಮುಟ್ಟಬಾರದು. ರೇಷ್ಮೆ, ನೈಲಾನ್, ಉಣ್ಣೆ ಬಟ್ಟೆಗಳನ್ನು ಈ ಕೆಲಸದ ವೇಳೆ ದೂರವಿಡುವುದು ಲೇಸು.

ಬದಲಾವಣೆಯ ಕ್ರಮ

1. ಕೆಟ್ಟ ಭಾಗದ ಕ್ರಮಸಂಖ್ಯೆಯನ್ನು ತಂತ್ರಾಂಶದ ವರದಿಯಿಂದ ಬರೆದುಕೊಳ್ಳಬೇಕು. 'ಮೂರನೆಯ ಡಿಸ್ಕು' ಎಂಬ ಗುರುತು ನಂಬಲರ್ಹವಲ್ಲ. ಕೆಲವು ಯಂತ್ರಗಳು ಎಣಿಕೆಯನ್ನು ಸೊನ್ನೆಯಿಂದಲೂ ಕೆಲವು ಒಂದರಿಂದಲೂ ಆರಂಭಿಸುತ್ತವೆ.

2. ಸೌಲಭ್ಯವಿದ್ದರೆ ತಂತ್ರಾಂಶದ ಮೂಲಕ ಆ ಡಿಸ್ಕಿನ ದೀಪವನ್ನು ಮಿನುಗಿಸಿ ಸ್ಥಾನವನ್ನು ಖಚಿತಪಡಿಸಿಕೊಳ್ಳಬೇಕು.

3. ಯಂತ್ರವು ಚಾಲೂ ಇರುವಾಗ ಬದಲಿಸಲು ಅನುವಿದೆಯೇ ಎಂದು ತಯಾರಕರ ಕೈಪಿಡಿಯಲ್ಲಿ ನೋಡಬೇಕು. ಅನುವಿಲ್ಲದಿದ್ದರೆ ಕ್ರಮಬದ್ಧವಾಗಿ ಯಂತ್ರವನ್ನು ನಿಲ್ಲಿಸಿ, ಪ್ಲಗ್ಗನ್ನು ಕೀಳಬೇಕು.

4. ಕೇಬಲ್ಲುಗಳಿಗೆ ಚೀಟಿ ಅಂಟಿಸಿ, ಬಿಚ್ಚುವ ಮೊದಲು ಛಾಯಾಚಿತ್ರ ತೆಗೆದುಕೊಳ್ಳಬೇಕು.

5. ಚಾಲೂ ಯಂತ್ರದಿಂದ ತೆಗೆಯುವಾಗ ಡಿಸ್ಕನ್ನು ಒಂದು ಅಂಗುಲದಷ್ಟು ಹೊರಗೆಳೆದು, ತಟ್ಟೆಗಳು ನಿಲ್ಲಲು ಸುಮಾರು ಅರ್ಧ ನಿಮಿಷ ಕಾಯಬೇಕು. ಅನಂತರ ಪೂರ್ಣವಾಗಿ ತೆಗೆಯಬೇಕು.

6. ತೆಗೆದ ಡಿಸ್ಕಿನ ಮೇಲಿನ ಕ್ರಮಸಂಖ್ಯೆಯನ್ನು ಬರೆದುಕೊಂಡದ್ದರೊಂದಿಗೆ ಹೋಲಿಸಿದ ಮೇಲೆಯೇ ಹೊಸದನ್ನು ಕೂರಿಸಬೇಕು.

7. ಹೊಸ ಭಾಗವನ್ನು ಯಂತ್ರ ಗುರುತಿಸಿದೆಯೇ ಎಂದು ನೋಡಿ, ಪುನರ್ನಿರ್ಮಾಣ ಮುಗಿಯುವವರೆಗೆ ಗಮನವಿಡಬೇಕು.

ತಪ್ಪಾಗಿ ಆರೋಗ್ಯವಂತ ಡಿಸ್ಕನ್ನು ಕಿತ್ತುಬಿಡುವುದು ಈ ಕೆಲಸದ ಅತ್ಯಂತ ಗಂಭೀರ ತಪ್ಪುಗಳಲ್ಲಿ ಒಂದು. ಒಂದು ಡಿಸ್ಕಿನ ನಷ್ಟವನ್ನು ಮಾತ್ರ ತಾಳಬಲ್ಲ ಜೋಡಣೆಯಲ್ಲಿ ಈಗಾಗಲೇ ಒಂದು ಕೆಟ್ಟಿರುವುದರಿಂದ, ಎರಡನೆಯದನ್ನು ಕಿತ್ತೊಡನೆ ಇಡೀ ಸಂಗ್ರಹ ನಿಂತುಹೋಗುತ್ತದೆ. ಮೇಲಿನ 1, 2 ಮತ್ತು 6ನೆಯ ಹಂತಗಳು ಇದನ್ನು ತಡೆಯಲೆಂದೇ ಇವೆ.

ಪುನರ್ನಿರ್ಮಾಣ

ರೇಡ್ 1ರಲ್ಲಿ ಎರಡು ಡಿಸ್ಕುಗಳಲ್ಲಿ ಒಂದೇ ದತ್ತಾಂಶ ಇರುತ್ತದೆ. ರೇಡ್ 5 ಒಂದು ಡಿಸ್ಕಿನ, ರೇಡ್ 6 ಎರಡು ಡಿಸ್ಕುಗಳ ನಷ್ಟವನ್ನು ತಾಳುತ್ತವೆ. ರೇಡ್ 0 ಯಾವ ನಷ್ಟವನ್ನೂ ತಾಳದು. ರೇಡ್ 5ರ ಮೂಲತತ್ವ ಸರಳವಾಗಿದೆ. ಮೂರು ಡಿಸ್ಕುಗಳಲ್ಲಿ 1, 0, 1 ಎಂಬ ಬಿಟ್ಟುಗಳಿದ್ದರೆ, 1ಗಳ ಒಟ್ಟು ಸಂಖ್ಯೆ ಸಮವಾಗುವಂತೆ ನಾಲ್ಕನೆಯದರಲ್ಲಿ 0 ಬರೆಯಲಾಗುತ್ತದೆ. ಎರಡನೆಯ ಡಿಸ್ಕು ಕೆಟ್ಟಾಗ 1, 1, 0 ಉಳಿಯುತ್ತವೆ. 1ಗಳ ಸಂಖ್ಯೆ ಸಮವಾಗಿರಬೇಕಾದ್ದರಿಂದ ಕಳೆದುಹೋದ ಬಿಟ್ಟು 0 ಎಂದು ತಿಳಿಯುತ್ತದೆ. ಹೊಸ ಡಿಸ್ಕಿನ ಪ್ರತಿಯೊಂದು ಬಿಟ್ಟನ್ನೂ ಹೀಗೆ ಲೆಕ್ಕಹಾಕಿ ಬರೆಯಲಾಗುತ್ತದೆ.

ಇದಕ್ಕಾಗಿ ಉಳಿದ ಡಿಸ್ಕುಗಳನ್ನು ಆದ್ಯಂತ ಓದಬೇಕು. 4 ಟೆರಾಬೈಟ್ ಡಿಸ್ಕಿಗೆ ಸೆಕೆಂಡಿಗೆ 150 ಮೆಗಾಬೈಟ್ ವೇಗದಲ್ಲಿ ಬರೆದರೂ ಏಳು ಗಂಟೆಗಿಂತ ಹೆಚ್ಚು ಸಮಯ ಹಿಡಿಯುತ್ತದೆ. ಈ ಅವಧಿಯಲ್ಲಿ ರೇಡ್ 5ಕ್ಕೆ ಯಾವ ರಕ್ಷಣೆಯೂ ಇರುವುದಿಲ್ಲ. ಜೊತೆಗೆ, ಒಂದೇ ದಿನ ಕೊಂಡ ಉಳಿದ ಡಿಸ್ಕುಗಳೂ ಅಷ್ಟೇ ಹಳೆಯವಾಗಿರುತ್ತವೆ. ಅನೇಕ ಸಾಮಾನ್ಯ ಡಿಸ್ಕುಗಳ ತಯಾರಕರು ಓದಲಾಗದ ದೋಷದ ಗರಿಷ್ಠ ಪ್ರಮಾಣವನ್ನು 12.5 ಟೆರಾಬೈಟಿಗೆ ಒಂದು ಎಂದು ನಮೂದಿಸುತ್ತಾರೆ. ದೊಡ್ಡ ಡಿಸ್ಕುಗಳ ಸಂಗ್ರಹಕ್ಕೆ ರೇಡ್ 6 ಶಿಫಾರಸು ಮಾಡಲು ಇದು ಒಂದು ಕಾರಣ. ಪುನರ್ನಿರ್ಮಾಣ ನಡೆಯುವಾಗ ಯುಪಿಎಸ್ ಸಂಪರ್ಕ ಅತ್ಯಗತ್ಯ.

ಒಂಟಿ ಡಿಸ್ಕು ಕೆಟ್ಟಾಗ

ಛಾಯಾಗ್ರಾಹಕರ ಅಥವಾ ವಿದ್ಯಾರ್ಥಿಗಳ ಗಣಕಗಳಲ್ಲಿ ಸಾಮಾನ್ಯವಾಗಿ ಒಂದೇ ಡಿಸ್ಕು ಇರುತ್ತದೆ. ಹಳೇಬೀಡಿನ ಶಿಲ್ಪಗಳ ಚಿತ್ರಗಳಿರುವ ಅಂತಹ ಡಿಸ್ಕು ತಡವರಿಸತೊಡಗಿದರೆ, ಅದರ ಮೇಲೆ ದುರಸ್ತಿ ತಂತ್ರಾಂಶವನ್ನು ಓಡಿಸಬಾರದು. ಅದು ಅದೇ ಡಿಸ್ಕಿಗೆ ಬರೆಯುತ್ತದೆ. ಮೊದಲು ಇಡೀ ಡಿಸ್ಕಿನ ಯಥಾಪ್ರತಿಯನ್ನು ಇನ್ನೊಂದು ಡಿಸ್ಕಿಗೆ ತೆಗೆದುಕೊಂಡು, ಮುಂದಿನ ಪ್ರಯತ್ನವನ್ನೆಲ್ಲ ಆ ಪ್ರತಿಯ ಮೇಲೆ ಮಾಡಬೇಕು. ಇದಕ್ಕೆ 'ಡಿಡಿರೆಸ್ಕ್ಯೂ' ಎಂಬ ಮುಕ್ತ ತಂತ್ರಾಂಶವಿದೆ. ಟಕ್ ಟಕ್ ಸದ್ದು ಕೇಳಿದರೆ ಕೂಡಲೇ ವಿದ್ಯುತ್ ನಿಲ್ಲಿಸಿ ದತ್ತಾಂಶ ಮರುಪಡೆಯುವ ಪರಿಣತರಿಗೆ ಒಪ್ಪಿಸಬೇಕು.

ಅದೇ ಮಾದರಿಯ ಬೇರೆ ಡಿಸ್ಕಿನ ಸರ್ಕಿಟ್ ಹಲಗೆಯನ್ನು ತಂದು ಜೋಡಿಸುವ ಉಪಾಯ ಕೆಲವು ಹಳೆಯ ಡಿಸ್ಕುಗಳಲ್ಲಿ ಫಲಿಸುತ್ತಿತ್ತು. ಇಂದಿನ ಡಿಸ್ಕುಗಳ ಹಲಗೆಯಲ್ಲಿ ಆಯಾ ಡಿಸ್ಕಿಗೇ ವಿಶಿಷ್ಟವಾದ ಹೊಂದಾಣಿಕೆಯ ವಿವರಗಳಿರುತ್ತವೆ. ಅವುಗಳಿರುವ ಚಿಪ್ಪನ್ನೂ ವರ್ಗಾಯಿಸದಿದ್ದರೆ ಡಿಸ್ಕು ಸಾಮಾನ್ಯವಾಗಿ ಕೆಲಸ ಮಾಡುವುದಿಲ್ಲ.

ಹಳೆಯ ಭಾಗದ ವಿಲೇವಾರಿ

ಪುನರ್ನಿರ್ಮಾಣ ಮುಗಿದು, ಕಡತಗಳು ತೆರೆಯುತ್ತವೆಯೆಂದು ಖಚಿತವಾಗುವವರೆಗೆ ತೆಗೆದ ಡಿಸ್ಕನ್ನು ಬಿಸಾಡಬಾರದು. ಅನಂತರವೂ ಅದರಲ್ಲಿ ಓದಬಹುದಾದ ಮಾಹಿತಿ ಉಳಿದಿರುತ್ತದೆ. ಆದ್ದರಿಂದ ದತ್ತಾಂಶವನ್ನು ಅಳಿಸಬೇಕು. ಅಳಿಸಲಾಗದಷ್ಟು ಕೆಟ್ಟಿದ್ದರೆ ಡಿಸ್ಕನ್ನು ಭೌತಿಕವಾಗಿ ನಾಶಪಡಿಸಬೇಕು. ಭಾರತದಲ್ಲಿ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ 2022ರ ಇ-ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಇಂತಹ ತ್ಯಾಜ್ಯದ ಮರುಬಳಕೆ ನೋಂದಾಯಿತ ಘಟಕಗಳಲ್ಲಿ ನಡೆಯಬೇಕು. ಉಬ್ಬಿದ ಲಿಥಿಯಂ ಬ್ಯಾಟರಿಯನ್ನು ಚುಚ್ಚಬಾರದು, ಒತ್ತಬಾರದು ಮತ್ತು ಕಸದ ಬುಟ್ಟಿಗೆ ಹಾಕಬಾರದು.

ಬದಲಿಸಿದ ದಿನಾಂಕ, ಹಳೆಯ ಮತ್ತು ಹೊಸ ಕ್ರಮಸಂಖ್ಯೆ, ಕಂಡ ಲಕ್ಷಣ ಹಾಗೂ ಕೆಲಸ ಮಾಡಿದವರ ಹೆಸರನ್ನು ಯಂತ್ರದ ದಾಖಲೆ ಪುಸ್ತಕದಲ್ಲಿ ಬರೆದಿಡುವುದು ಕೊನೆಯ ಹಂತ. ಮುಂದಿನ ಡಿಸ್ಕು ಕೆಟ್ಟಾಗ ಅಲ್ಲಿರುವವರು ಬೇರೆಯವರಾಗಿರಬಹುದು. ಯಾವುದನ್ನು ಕೀಳಬೇಕು, ಯಾವುದನ್ನು ಮುಟ್ಟಬಾರದು ಎಂಬುದು ಅವರಿಗೆ ಈ ಪುಸ್ತಕದಿಂದ ತಿಳಿಯುತ್ತದೆ.