ಕಾಟನ್, ಆರ್ಥರ್ ಥಾಮಸ್

1803-1899. ಕಾವೇರಿ ಮತ್ತು ಗೋದಾವರಿ ನದಿಗಳ ಮುಖಜ ಭೂಮಿಯಲ್ಲಿ ಆಧುನಿಕ ನೀರಾವರಿಗೆ ತಳಹದಿ ಹಾಕಿದ ಬ್ರಿಟಿಷ್ ಇಂಜಿನಿಯರ್. ಕಡು ನಿಷ್ಠೆಯ ಕ್ರೈಸ್ತ. ಆಂಧ್ರದಲ್ಲಿ ದೇವರ ಸಾಲಿಗೆ ಸೇರಿರುವ ಈತನ ಹೆಸರು ಕನ್ನಡನಾಡಿನಲ್ಲಿ ಹೆಚ್ಚು ಕೇಳಿಬರುವುದಿಲ್ಲ. ಆದರೆ ಕಾವೇರಿ, ಕೃಷ್ಣಾ, ತುಂಗಭದ್ರಾ ಎಂಬ ನಮ್ಮ ಮೂರು ನದಿಗಳ ಜಗಳದ ಕಡತಗಳನ್ನು ಬಿಚ್ಚಿದರೆ ಬುಡದಲ್ಲಿ ಎಲ್ಲೋ ಒಂದು ಕಡೆ ಕಾಟನ್ನನ ಕಟ್ಟೆ ಸಿಕ್ಕೇ ಸಿಗುತ್ತದೆ.

ಹುಟ್ಟಿದ್ದು 1803ರ ಮೇ 15ರಂದು. ಹೆನ್ರಿ ಕಾಲ್ವೆಲಿ ಕಾಟನ್ನನ ಹನ್ನೊಂದು ಗಂಡುಮಕ್ಕಳಲ್ಲಿ ಈತ ಹತ್ತನೆಯವ. ಮನೆತನ ಇಂಗ್ಲಿಷರದಾದರೂ ಬೇರಿನ ಒಂದು ಕವಲು ವೇಲ್ಸ್‌ನಲ್ಲಿತ್ತು. ಡೆನ್‌ಬಿಶೈರಿನ ಲೆವೆನಿ ಜಹಗೀರು ಮದುವೆಯ ಸಂಬಂಧದಿಂದ ಇವರ ವಂಶಕ್ಕೆ ಬಂದಿತ್ತು. ಆ ಲೆವೆನಿಯಲ್ಲೇ ಹುಟ್ಟಿದ ದೊಡ್ಡಪ್ಪನ ಮಗ ಸ್ಟೇಪಲ್ಟನ್ ಕಾಟನ್, ಅಂದರೆ ಲಾರ್ಡ್ ಕಾಂಬರ್ಮಿಯರ್, 1826ರಲ್ಲಿ ಭರತಪುರದ ಕೋಟೆಯನ್ನು ಹಿಡಿದ ಸೇನಾನಿ. ಆರ್ಥರ್ ಹದಿನೈದನೆಯ ವಯಸ್ಸಿಗೆ ಈಸ್ಟ್ ಇಂಡಿಯಾ ಕಂಪನಿಯ ಆಡಿಸ್ಕೂಂಬ್ ಶಾಲೆ ಸೇರಿದ. 1820ರಲ್ಲಿ ಮೊದಲ ಕೆಲಸ ಸಿಕ್ಕಿದ್ದು ವೇಲ್ಸ್‌ನಲ್ಲಿ, ಭೂಮಾಪನ ಇಲಾಖೆಯಲ್ಲಿ. ಮರುವರ್ಷವೇ ಮದರಾಸಿಗೆ ವರ್ಗ. ಪಾಂಬನ್ ಜಲಮಾರ್ಗದ ಸರ್ವೆ ಮಾಡಿ, ಮೊದಲನೆಯ ಬರ್ಮಾ ಯುದ್ಧದಲ್ಲಿ ದುಡಿದು, 1820ರ ದಶಕದ ಕೊನೆಯಲ್ಲಿ ಕಾವೇರಿಯ ಹೊಣೆ ಹೊತ್ತ.

ಆಗ ತಂಜಾವೂರಿನ ಸ್ಥಿತಿ ಬಿಗಡಾಯಿಸಿತ್ತು. ಶ್ರೀರಂಗದ ಮೇಲ್ಭಾಗದಲ್ಲಿ ನದಿ ಎರಡಾಗಿ ಒಡೆಯುತ್ತದೆ: ದಕ್ಷಿಣದ್ದು ಕಾವೇರಿ, ಉತ್ತರದ್ದು ಕೊಳ್ಳಿಡಂ. ಕೊಳ್ಳಿಡಂನ ಪಾತ್ರ ಹೆಚ್ಚು ಇಳಿಜಾರು. ಕಾವೇರಿಯ ಬಾಯಿಯಲ್ಲಿ ಹೂಳು ತುಂಬುತ್ತಾ ಬಂದಂತೆ ನೀರೆಲ್ಲ ಉತ್ತರಕ್ಕೆ ಹೊರಳಿ ಗದ್ದೆಗಳಿಗೆ ದಕ್ಕದೆ ಕಡಲು ಸೇರುತ್ತಿತ್ತು. ಕಾಟನ್ 1836ರ ಹೊತ್ತಿಗೆ ಕೊಳ್ಳಿಡಂಗೆ ಅಡ್ಡಲಾಗಿ ಮೇಲೊಂದು, ಕೆಳಗೊಂದು ಒಡ್ಡು ಕಟ್ಟಿ ಹರಿವನ್ನು ತಿರುಗಿಸಿದ. ಇಲ್ಲಿ ಈತನಿಗೆ ಗುರುವಾಗಿದ್ದು ಆಡಿಸ್ಕೂಂಬ್ ಅಲ್ಲ, ಚೋಳರ ಕಲ್ಲಣೈ. ತಳದಲ್ಲಿ ಬಂಡೆಯೇ ಸಿಗದ ಮರಳಿನ ನದಿಯಲ್ಲಿ ಅಡಿಪಾಯ ಹಾಕುವುದು ಹೇಗೆಂಬುದು ಯುರೋಪಿನ ಇಂಜಿನಿಯರುಗಳಿಗೆ ಬಿಡಿಸಲಾಗದ ತೊಡಕು. ಹಳಬರು ದೊಡ್ಡ ಕಲ್ಲುಗಳನ್ನು ಮರಳಿಗೆ ಸುರಿದು, ಅವು ತಾವಾಗಿ ಇಳಿದು ನೆಲೆ ನಿಲ್ಲುವವರೆಗೂ ಮತ್ತೆ ಮತ್ತೆ ಸುರಿದು, ಸಂದುಗಳಿಗೆ ಜೇಡಿ ಮೆತ್ತಿ ಕಟ್ಟೆ ನಿಲ್ಲಿಸಿದ್ದರು. ಈ ಪಾಠ ಕಲಿತದ್ದು ಇಲ್ಲಿನವರಿಂದ ಎಂದು ಕಾಟನ್ ಮುಚ್ಚುಮರೆಯಿಲ್ಲದೆ ಬರೆದ. ಅಂದಿನ ಕಂಪನಿ ಅಧಿಕಾರಿಯೊಬ್ಬನಲ್ಲಿ ಇದು ಅಪರೂಪದ ಗುಣವೇ.

ಯೌವನದಲ್ಲೇ ಈತನ ಮನಸ್ಸು ಇವಾಂಜೆಲಿಕಲ್ ಪಂಥದತ್ತ ತಿರುಗಿತ್ತು. ಬೈಬಲ್ ಓದು ಮತ್ತು ಪ್ರಾರ್ಥನೆ ದಿನಚರಿಯ ಭಾಗ. ಕೈಕೆಳಗಿನ ಎಫ್. ಟಿ. ಹೇಗ್ ಕೂಡ ಇದೇ ಜಾಯಮಾನದವ. ಮುಂದೆ ಮೇಲಿನ ಗೋದಾವರಿಯ ದುಮ್ಮಗೂಡೆಂನಲ್ಲಿ ಕೋಯ ಬುಡಕಟ್ಟಿನವರ ನಡುವೆ ಮಿಷನ್ ಆರಂಭವಾಗಲು ಪ್ರೇರಣೆಯಾದವನು ಅವನೇ. ಆದರೆ ಕಾಟನ್ನನ ಭಕ್ತಿಯ ಬಿಸಿ ಮತಪ್ರಚಾರಕ್ಕಿಂತ ಸರ್ಕಾರಕ್ಕೇ ಹೆಚ್ಚು ತಟ್ಟಿತು. ಕ್ರೈಸ್ತರೆಂದು ಹೇಳಿಕೊಳ್ಳುವವರ ಆಳ್ವಿಕೆಯಲ್ಲಿ ಹೊಳೆ ತುಂಬಿ ಹರಿಯುತ್ತಿರುವಾಗಲೇ ದಂಡೆಯ ಜನ ಹಸಿದು ಸಾಯುವುದು ಈತನ ಕಣ್ಣಿಗೆ ಆಡಳಿತದ ಕೊರತೆಯಷ್ಟೇ ಆಗಿರಲಿಲ್ಲ, ಪಾಪವಾಗಿತ್ತು. ಹಾಗಾಗಿ ವಾದಕ್ಕಿಳಿದಾಗ ಮೇಲಧಿಕಾರಿ, ಕೆಳಗಿನವ ಎಂಬ ದಾಕ್ಷಿಣ್ಯ ಇರುತ್ತಿರಲಿಲ್ಲ. ಅಂದಾಜುಪಟ್ಟಿಗಳಲ್ಲೂ ಲೆಕ್ಕಕ್ಕಿಂತ ನಂಬಿಕೆ ಮುಂದೆ ಓಡಿದ್ದುಂಟು.

1832-33ರ ಗುಂಟೂರು ಬರ ಲಕ್ಷಾಂತರ ಜನರನ್ನು ನುಂಗಿತ್ತು. 1839ರಲ್ಲಿ ಚಂಡಮಾರುತ ಕೋರಂಗಿ ಬಂದರನ್ನು ಕೊಚ್ಚಿಹಾಕಿತ್ತು. 1844ರಲ್ಲಿ ಕಾಟನ್ ಗೋದಾವರಿಗೆ ಒಡ್ಡು ಕಟ್ಟುವ ವರದಿ ಸಲ್ಲಿಸಿದ. 1847ರಲ್ಲಿ ರಾಜಮಂಡ್ರಿಯ ಕೆಳಗಿನ ಧವಳೇಶ್ವರದಲ್ಲಿ ಕೆಲಸ ಶುರುವಾಯಿತು. ಅಲ್ಲಿ ನದಿಯ ಅಗಲ ಸುಮಾರು 6 ಕಿ.ಮೀ.; ನಡುವಿನ ದ್ವೀಪಗಳನ್ನು ಬಿಟ್ಟು ನಾಲ್ಕು ತುಂಡುಗಳಲ್ಲಿ ಕಟ್ಟಿದ ಒಡ್ಡಿನ ಒಟ್ಟು ಉದ್ದ ಸುಮಾರು 3.6 ಕಿ.ಮೀ., ಎತ್ತರ 12 ಅಡಿ. ದಡದ ಗುಡ್ಡದಲ್ಲೇ ಕಲ್ಲು ಸಿಕ್ಕಿದ್ದು ದೊಡ್ಡ ಅನುಕೂಲ. ನಡುವೆ ಬಿಸಿಲಿನ ಹೊಡೆತಕ್ಕೆ ಆರೋಗ್ಯ ಕೆಟ್ಟು ಕಾಟನ್ ಆಸ್ಟ್ರೇಲಿಯಾಕ್ಕೆ ಹೋದಾಗ ಕೆಲಸ ನಿಲ್ಲದಂತೆ ನೋಡಿಕೊಂಡವನು ಕ್ಯಾಪ್ಟನ್ ಆರ್ ಎಂಬ ಅಧಿಕಾರಿ. ಗನ್ನವರಂನ ಮೇಲ್ಗಾಲುವೆ ಕಟ್ಟಿದವನು ಹೇಗ್. 1852ರಲ್ಲಿ ಒಡ್ಡು ಮುಗಿಯಿತು. ವಿಜಯವಾಡದಲ್ಲಿ ಕೃಷ್ಣೆಗೂ ಅದೇ ಮಾದರಿಯ ಒಡ್ಡು ಬಂತು. 1855ರಲ್ಲಿ ಅದನ್ನು ಮುಗಿಸಿದವನು ಆರ್. ಈ ಒಡ್ಡುಗಳಿಂದ ಹೊರಟ ಕಾಲುವೆಗಳು ನೀರುಣಿಸುವುದರ ಜೊತೆಗೆ ದೋಣಿಗಳನ್ನೂ ಸಾಗಿಸಿದವು. ಜಲಮಾರ್ಗ ರೈಲಿಗಿಂತ ಅಗ್ಗ, ಈ ದೇಶಕ್ಕೆ ಮೊದಲು ಬೇಕಾದದ್ದು ಕಾಲುವೆ ಎಂಬುದು ಕಾಟನ್ನನ ಜೀವಮಾನದ ಹಟ.

ಆ ಹಟವೇ ಈತನನ್ನು ಗಂಗೆಯವರೆಗೂ ಎಳೆದೊಯ್ದಿತು. ಪ್ರೋಬಿ ಕಾಟ್ಲಿ ಕಟ್ಟಿದ ಗಂಗಾ ಕಾಲುವೆ 1854ರಲ್ಲಿ ಹರಿಯತೊಡಗಿತ್ತು. ಹರಿದ್ವಾರದಿಂದ ಹೊರಟು ರೂರ್ಕಿಯಲ್ಲಿ ಸೊಲಾನಿ ನದಿಯ ಮೇಲಿನ ಸೇತುವೆ ದಾಟಿ ಅದು ದೋಆಬಿನ ಬಯಲಿಗೆ ಇಳಿಯುತ್ತದೆ. 1860ರ ದಶಕದ ಮೊದಲ ಭಾಗದಲ್ಲಿ ಕಾಟನ್ ಇದನ್ನು ಬಲವಾಗಿ ಟೀಕಿಸಿದ. ಬೆಟ್ಟದ ಬುಡದಲ್ಲೇ ಕಾಲುವೆ ತೆಗೆದದ್ದರಿಂದ ಹಳ್ಳಕೊಳ್ಳ ದಾಟಿಸಲು ದುಡ್ಡು ಸುರಿಯಬೇಕಾಯಿತು, ಇಳಿಜಾರು ಹೆಚ್ಚಾಗಿ ನೀರಿನ ರಭಸಕ್ಕೆ ತಳ ಕೊರೆಯುತ್ತಿದೆ, ಒಡ್ಡನ್ನು ಬಯಲಿನಲ್ಲಿ ಕಟ್ಟಬೇಕಿತ್ತು ಎಂಬುದು ಆಕ್ಷೇಪ. ಕಾಟ್ಲಿ ಉತ್ತರ ಕೊಟ್ಟ. ಕರಪತ್ರಗಳ ಯುದ್ಧವೇ ನಡೆಯಿತು. ಇಳಿಜಾರಿನ ಮಾತು ನಿಜವಾಗಿತ್ತು, ಅದನ್ನು ಸರಿಪಡಿಸಲು ಕಾಲುವೆಯನ್ನು ತಿದ್ದಬೇಕಾಯಿತು. ಆದರೆ ಬಾಯಿಯನ್ನೇ ಕೆಳಕ್ಕೆ ಸರಿಸುವ ಸಲಹೆಗೆ ಸರ್ಕಾರ ಒಪ್ಪಲಿಲ್ಲ. ಮುಂದೆ ನರೋರಾದಲ್ಲಿ ಒಡ್ಡು ಕಟ್ಟಿ 1878ರಲ್ಲಿ ಕೆಳಗಂಗಾ ಕಾಲುವೆ ತೆರೆದಾಗ ಬಯಲಿನ ಒಡ್ಡೂ ಬಂದಂತಾಯಿತು. ಮರಳು ನದಿಯ ಮುಖಜ ಭೂಮಿಯಲ್ಲಿ ಪಳಗಿದವನಿಗೆ ಎಲ್ಲ ನದಿಯೂ ಗೋದಾವರಿಯಂತೆಯೇ ಕಂಡಿದ್ದರೆ ಆಶ್ಚರ್ಯವಿಲ್ಲ.

ಇದೇ ದೌರ್ಬಲ್ಯ ಬಳ್ಳಾರಿ-ಕರ್ನೂಲು ಸೀಮೆಯಲ್ಲೂ ತೊಡಕಾಯಿತು. 1860ರಲ್ಲಿ ನಿವೃತ್ತನಾಗಿ, ಮರುವರ್ಷ ಸರ್ ಪದವಿ ಪಡೆದ ಕಾಟನ್ನನ ಕಣ್ಣು ತುಂಗಭದ್ರೆಯ ಮೇಲಿತ್ತು. ಹೊಸಪೇಟೆಯ ಬಳಿ ನೀರು ತಡೆದು ಬಯಲುಸೀಮೆಗೆ ಹರಿಸುವ ಯೋಚನೆಯ ಮೂಲ ಈತನದೇ. ಲಂಡನ್ನಿನ ಮದ್ರಾಸ್ ಇರಿಗೇಶನ್ ಕಂಪನಿಗೆ ಸರ್ಕಾರ ಹತ್ತು ಲಕ್ಷ ಪೌಂಡು ಬಂಡವಾಳದ ಮೇಲೆ ಶೇ. 5ರ ಬಡ್ಡಿಯ ಭರವಸೆ ಕೊಟ್ಟಿತು. ಕಂಪನಿ ಹೊಸಪೇಟೆಯ ಜಲಾಶಯದ ಗೋಜಿಗೆ ಹೋಗದೆ, ಕರ್ನೂಲಿನ ಬಳಿ ಸುಂಕೇಸುಲದಲ್ಲಿ ಒಡ್ಡು ಹಾಕಿ ಕಡಪದವರೆಗೆ ಕಾಲುವೆ ತೋಡಿತು. ಕೈಗೆ ಬಂದದ್ದು ನಷ್ಟ. ಡೆಲ್ಟಾದ ರೈತನಿಗೆ ಭತ್ತಕ್ಕೆ ನೀರು ಬೇಕೇ ಬೇಕು. ಎರೆಭೂಮಿಯ ರೈತ ಮಳೆ ಬಂದ ವರ್ಷ ಜೋಳ, ಹತ್ತಿ ಬಿತ್ತಿ ಸುಮ್ಮನಿರುತ್ತಾನೆ, ನೀರಿನ ತೆರಿಗೆ ಕಟ್ಟಿ ಕಪ್ಪು ಮಣ್ಣನ್ನು ಕೆಸರು ಮಾಡಿಕೊಳ್ಳುವುದಿಲ್ಲ. 1882ರಲ್ಲಿ ಸರ್ಕಾರವೇ ಕಾಲುವೆಯನ್ನು ಕೊಂಡುಕೊಂಡಿತು. ಖಾಸಗಿ ಬಂಡವಾಳದ ನೀರಾವರಿ ಎಂದರೆ ಬಹುಕಾಲ ಅಧಿಕಾರಿಗಳು ಹಿಂಜರಿಯುವಂತಾದದ್ದಕ್ಕೆ ಈ ಅನುಭವವೂ ಒಂದು ಕಾರಣ.

ಅಷ್ಟರಲ್ಲಿ 1876-78ರ ಮಹಾಕ್ಷಾಮ ಬಂದಿತ್ತು. ಹಳೆ ಮೈಸೂರಿನವರು ಧಾತು-ಈಶ್ವರ ಬರವೆಂದು ನೆನೆಯುವ ಈ ಬರದಲ್ಲಿ ಮೈಸೂರು, ಬಳ್ಳಾರಿ, ಕರ್ನೂಲು ತತ್ತರಿಸಿದರೆ, ಗೋದಾವರಿ ಮತ್ತು ಕೃಷ್ಣಾ ಡೆಲ್ಟಾಗಳು ಹೊರಗೆ ಧಾನ್ಯ ಕಳಿಸಿದವು. ಎಪ್ಪತ್ತು ದಾಟಿದ ಕಾಟನ್ ಮತ್ತೆ ಕಣಕ್ಕಿಳಿದ: ರೈಲು ಧಾನ್ಯ ಹೊರಬಲ್ಲದು, ಬೆಳೆಯಲಾರದು ಎಂಬುದು ವಾದ. 1878ರಲ್ಲಿ ಪಾರ್ಲಿಮೆಂಟಿನ ಆಯ್ಕೆ ಸಮಿತಿಯ ಮುಂದೆ ಸಾಕ್ಷ್ಯ ಹೇಳಿದ. ಆತನ ಕಾಲುವೆಗಳ ಭಾರಿ ಯೋಜನೆಗಳನ್ನು ಸಮಿತಿ ಕಿವಿಗೆ ಹಾಕಿಕೊಳ್ಳಲಿಲ್ಲ. ಕ್ಷಾಮದ ಬಗ್ಗೆ ಆತ ಹೇಳಿದ್ದು ಸರಿ. ಕಾಲುವೆ ಎಲ್ಲೆಡೆ ಲಾಭ ತರುತ್ತದೆ ಎಂದದ್ದು ತಪ್ಪು. ಈ ಎರಡನ್ನೂ ಆತ ಒಂದೇ ಉಸಿರಿನಲ್ಲಿ ಹೇಳಿದ್ದರಿಂದ, ಸರಿಯಾದುದನ್ನೂ ತಳ್ಳಿಹಾಕುವುದು ಎದುರಾಳಿಗಳಿಗೆ ಸುಲಭವಾಯಿತು.

ಕೊನೆಗಾಲ ಕಳೆದದ್ದು ಸರೆಯ ಡಾರ್ಕಿಂಗ್‌ನಲ್ಲಿ, ಆಳ ಉಳುಮೆಯ ಗೋಧಿ ಪ್ರಯೋಗಗಳ ನಡುವೆ. 1899ರ ಜುಲೈ 24ರಂದು ತೊಂಬತ್ತಾರನೆಯ ವಯಸ್ಸಿನಲ್ಲಿ ತೀರಿಕೊಂಡ. 1841ರಲ್ಲಿ ಮದುವೆಯಾದ ಎಲಿಜಬೆತ್ ಲರ್ಮಂತಳ ಮಗಳು ಲೇಡಿ ಹೋಪ್ 1900ರಲ್ಲಿ ತಂದೆಯ ಜೀವನಚರಿತ್ರೆ ಪ್ರಕಟಿಸಿದಳು. ಡಾರ್ವಿನ್ ಕಡೆಗಾಲದಲ್ಲಿ ಬೈಬಲ್‌ಗೆ ಮರಳಿದನೆಂದು 1915ರಲ್ಲಿ ಕಥೆ ಹಬ್ಬಿಸಿದವಳೂ ಈಕೆಯೇ. ಡಾರ್ವಿನ್ನನ ಮಕ್ಕಳು ಅದನ್ನು ಸಾರಾಸಗಟಾಗಿ ಅಲ್ಲಗಳೆದರು. ಆದ್ದರಿಂದ ತಂದೆಯ ಭಕ್ತಿಯ ಬಗ್ಗೆ ಮಗಳು ಬರೆದದ್ದನ್ನು ಸ್ವಲ್ಪ ಎಚ್ಚರದಿಂದ ಓದುವುದು ಒಳ್ಳೆಯದು. ಇತ್ತ ಗೋದಾವರಿ ತೀರದ ಹಳ್ಳಿಗಳಲ್ಲಿ ‘ಕಾಟನ್ ದೊರೆ’ಯ ವಿಗ್ರಹಗಳಿಗೆ ಇಂದಿಗೂ ಹಾರ ಬೀಳುತ್ತದೆ, ಹಳೆಯ ಒಡ್ಡಿನ ಬದಲು 1982ರ ಹೊತ್ತಿಗೆ ಎದ್ದ ಬ್ಯಾರೇಜಿಗೂ ಆತನದೇ ಹೆಸರು.

ಕರ್ನಾಟಕದ ಮಟ್ಟಿಗೆ ಕಾಟನ್ ಕಟ್ಟಿದ್ದಕ್ಕಿಂತ ಕಟ್ಟದೆ ಬಿಟ್ಟದ್ದು, ಕೆಳಗೆ ಮೊದಲೇ ಕಟ್ಟಿದ್ದು ಹೆಚ್ಚು ಪರಿಣಾಮ ಬೀರಿತು. ಕೆಳಗಿನವರು ಮೊದಲು ಬಳಸಿದ ನೀರು ಹಕ್ಕಾಯಿತು. ಕಾವೇರಿಯ 1892ರ ಒಪ್ಪಂದದಲ್ಲಿ ಮದರಾಸು ಮೈಸೂರಿನ ಕೈ ಕಟ್ಟಿದ್ದು ಈ ರೂಢಿಯ ಹಕ್ಕನ್ನು ಮುಂದಿಟ್ಟೇ. ಬಚಾವತ್ ನ್ಯಾಯಮಂಡಳಿ ಕೃಷ್ಣೆಯಲ್ಲಿ ಆಂಧ್ರಕ್ಕೆ 800, ಕರ್ನಾಟಕಕ್ಕೆ 700, ಮಹಾರಾಷ್ಟ್ರಕ್ಕೆ 560 ಟಿಎಂಸಿ ಹಂಚಿದಾಗ, ವಿಜಯವಾಡದ ಡೆಲ್ಟಾಕ್ಕೆ 181.2 ಟಿಎಂಸಿಯನ್ನು ಹಳೆಯ ಬಳಕೆಯೆಂದು ಕಾಯ್ದಿಟ್ಟಿತು. ಹೊಸಪೇಟೆಯ ಜಲಾಶಯಕ್ಕೆ ಅಡಿಗಲ್ಲು ಬಿದ್ದದ್ದು 1945ರಲ್ಲಿ, ಕಾಟನ್ ಅದನ್ನು ಸೂಚಿಸಿ ಎಂಬತ್ತೈದು ವರ್ಷ ಕಳೆದ ಮೇಲೆ. 1953ರಲ್ಲಿ ಅದರ ನೀರು ಕಾಲುವೆಗೆ ಬಂತು. ಕಂಪನಿ ತೋಡಿ ಸೋತ ಕರ್ನೂಲು-ಕಡಪ ಕಾಲುವೆಗೂ ಆ ಜಲಾಶಯದಲ್ಲಿ ಇಂದು ಒಂದು ಪಾಲಿದೆ.