ಹಾಡಿನ ಅಂಗಡಿ

ಹಾಡನ್ನು ಕೇಳಿದವರು ಹಾಡಿದವರನ್ನು ನೆನೆಯುತ್ತಾರೆ. ಅದನ್ನು ತಟ್ಟೆಗಿಳಿಸಿ ಮಾರಿದವರು ಯಾರು, ಕಟ್ಟಿದವರ ಕೈಗೆ ಏನು ಬಂದಿತು ಎಂದು ವಿಚಾರಿಸುವವರು ಕಡಮೆ. ಮನೆಯಲ್ಲಿ ರೇಡಿಯೋ ಇಟ್ಟುಕೊಂಡಿರುವ ನಿಮಗೆ, ರೇಡಿಯೋದಿಂದಲೇ ಹೆಸರು ಪಡೆದ ಒಂದು ಅಂಗಡಿಯ ವೃತ್ತಾಂತ ರುಚಿಸೀತು.

ಜಮೈಕಾ ದ್ವೀಪದ ಕಿಂಗ್‌ಸ್ಟನ್ ಕ್ರಿಕೆಟ್ಟಿನ ವೀಕ್ಷಕ ವಿವರಣೆ ಕೇಳಿದವರಿಗೆಲ್ಲ ಗೊತ್ತಿರುವ ಊರು. 1950ರ ದಶಕದಲ್ಲಿ ಅಲ್ಲಿನ ಹೆಂಡದಂಗಡಿಗಳಲ್ಲಿ ಜೂಕ್‌ಬಾಕ್ಸ್ ಎಂಬ ಯಂತ್ರವಿರುತ್ತಿತ್ತು. ಕಾಸು ಹಾಕಿದರೆ ಬೇಕಾದ ಹಾಡನ್ನು ನುಡಿಸುತ್ತಿತ್ತು. ಅವುಗಳ ತಟ್ಟೆ ಬದಲಾಯಿಸುವ ಕೆಲಸದಲ್ಲಿದ್ದ ವಿನ್ಸೆಂಟ್ ಚಿನ್ ಎಂಬ ಚೀನೀ ಮೂಲದ ತರುಣರು, ಬಳಸಿ ಬಿಟ್ಟ ತಟ್ಟೆಗಳನ್ನು ಎಸೆಯದೆ ಕೂಡಿಟ್ಟು ಮಾರತೊಡಗಿದರು. ಬರಿಗೈಯವರ ಬಂಡವಾಳ ಅದು! ಆಗ ಅಮೆರಿಕದ ನ್ಯಾಷ್‌ವಿಲ್ ನಿಲಯದ ಕಾರ್ಯಕ್ರಮಗಳು ರಾತ್ರಿಯ ಹೊತ್ತು ಆ ದ್ವೀಪಕ್ಕೂ ಕೇಳಿಸುತ್ತಿದ್ದವು. ಅದರಲ್ಲಿ ಜಾಹೀರಾತು ಕೊಡುತ್ತಿದ್ದ ರಾಂಡಿ ಎಂಬಾತನ ರಿಕಾರ್ಡು ಅಂಗಡಿಯ ಹೆಸರನ್ನೇ ಚಿನ್ ತಮ್ಮ ಅಂಗಡಿಗೂ ಇಟ್ಟುಕೊಂಡರು. ಗಲ್ಲಾದ ಬಳಿ ನಿಂತವರು ಪತ್ನಿ ಪೆಟ್ರಿಷಿಯಾ. ಈಕೆಯ ತಂದೆ ಭಾರತೀಯ ಮೂಲದವರು, ತಾಯಿ ಚೀನೀ ಮೂಲದವರು.

ಮಾರುವವರು ಬೇಗನೆ ತಯಾರಿಸುವವರೂ ಆದರು. 1962ರಲ್ಲಿ ಜಮೈಕಾ ಸ್ವತಂತ್ರವಾದಾಗ ಆ ಸಂತೋಷದ ಹಾಡನ್ನು ಲಾರ್ಡ್ ಕ್ರಿಯೇಟರ್ ಎಂಬ ಗಾಯಕರಿಂದ ಹಾಡಿಸಿದವರು ಚಿನ್ ಅವರೇ. ನಾರ್ತ್ ಪೆರೇಡ್ ಬೀದಿಯ 17ನೇ ನಂಬರಿನ ಕಟ್ಟಡದಲ್ಲಿ ಕೆಳಗೆ ಅಂಗಡಿ. 1960ರ ದಶಕ ಮುಗಿಯುವ ಹೊತ್ತಿಗೆ ಮೇಲೆ ಧ್ವನಿಮುದ್ರಣದ ಕೋಣೆಯೂ ಎದ್ದಿತು. ಅಷ್ಟರಲ್ಲಿ ಸ್ಕಾ, ರಾಕ್‌ಸ್ಟೆಡಿ ಎಂಬ ಧಾಟಿಗಳು ಕಳೆದು, ರೆಗೇ ಹುಟ್ಟಿತ್ತು. ಬಾಬ್ ಮಾರ್ಲೆಯವರ ತಂಡದವರು 1970ರಲ್ಲಿ ಮೆಟ್ಟಿಲೇರಿ ಬಂದು ಹಾಡಿದ್ದು ಇದೇ ಕೋಣೆಯಲ್ಲಿ.

ಇಲ್ಲೊಂದು ಸೂಕ್ಷ್ಮವುಂಟು. ಒಂದು ತಟ್ಟೆಯಲ್ಲಿ ಎರಡು ಸ್ವತ್ತುಗಳು ಅಡಗಿರುತ್ತವೆ. ಮುದ್ರಿತವಾದ ಧ್ವನಿ ಒಂದು. ಅದು ಸಾಮಾನ್ಯವಾಗಿ ಕಂಪನಿಯದು. ಸಾಹಿತ್ಯ ಮತ್ತು ಮಟ್ಟು ಇನ್ನೊಂದು, ಅದು ಕಟ್ಟಿದವರದು. ಹಾಡು ರೇಡಿಯೋದಲ್ಲಿ ಬಿತ್ತರವಾದಾಗ, ಬೇರೊಬ್ಬರು ಅದನ್ನು ಹಾಡಿ ಮಾರಿದಾಗ, ಈ ಎರಡನೆಯ ಸ್ವತ್ತಿಗೆ ಸಲ್ಲಬೇಕಾದ ಹಣವನ್ನು ವಸೂಲು ಮಾಡಿ, ತನ್ನ ಪಾಲು ಹಿಡಿದುಕೊಂಡು, ಉಳಿದುದನ್ನು ಕರ್ತೃವಿಗೆ ಮುಟ್ಟಿಸುವವನೇ ಸಂಗೀತ ಪ್ರಕಾಶಕ.

ಆದರೆ ಅಂದಿನ ಕಿಂಗ್‌ಸ್ಟನ್ನಿನಲ್ಲಿ ಎಷ್ಟೋ ಗಾಯಕರು ಒಂದು ಹಾಡಿಗೆ ಒಮ್ಮೆ ಹಣ ಪಡೆದು ಮನೆಗೆ ಹೋಗುತ್ತಿದ್ದರು. ಕರಾರು ಪತ್ರವೇ ಇಲ್ಲದ್ದೂ ಉಂಟು. ಹಾಡು ಲಂಡನ್ನಿನಲ್ಲಿ ಗೆದ್ದರೆ ಆ ಸುದ್ದಿ ಮಾತ್ರ ಅವರಿಗೆ ಬರುತ್ತಿತ್ತು. ಒಂದೇ ವಾದ್ಯಮೇಳದ ಮೇಲೆ ಹತ್ತಾರು ಮಂದಿ ಹೊಸ ಹೊಸ ಸಾಹಿತ್ಯ ಹಾಡುವುದು ಅಲ್ಲಿನ ವಾಡಿಕೆ. ಕರ್ತೃ ಯಾರೆಂದು ಹೇಳುವುದೇ ಕಷ್ಟ. ಕಾನೂನೋ, ಬ್ರಿಟಿಷರ 1911ರದು! ಜಮೈಕಾ ತನ್ನದೇ ಕೃತಿಸ್ವಾಮ್ಯ ಶಾಸನವನ್ನು ಜಾರಿಗೆ ತಂದದ್ದು 1993ರಲ್ಲಿ. ಅಷ್ಟರಲ್ಲಿ ಹಾಡು ಕಟ್ಟಿದವರಲ್ಲಿ ಹಲವರು ತೀರಿಕೊಂಡಿದ್ದರು. ಸಣ್ಣ ಕಂಪನಿಗಳೇ ಈ ಸಂಗೀತವನ್ನು ಸಾಕಿದವೆಂಬುದು ನಿಜ. ಸಾಕಿದವರ ಲೆಕ್ಕದ ಪುಸ್ತಕ ಸರಿಯಿರಲಿಲ್ಲವೆಂಬುದೂ ಅಷ್ಟೇ ನಿಜ.

1970ರ ದಶಕದಲ್ಲಿ ರಾಜಕೀಯ ಗಲಭೆಗಳು ಬಲಿತಾಗ ಚಿನ್ ಕುಟುಂಬ ನ್ಯೂಯಾರ್ಕಿಗೆ ವಲಸೆ ಹೋಯಿತು. ಕ್ವೀನ್ಸ್ ಭಾಗದಲ್ಲಿ ಅವರು ನೆಲೆಯೂರಿದ ಬಡಾವಣೆಯ ಹೆಸರೂ ಜಮೈಕಾ! 1979ರಲ್ಲಿ ಗಂಡಹೆಂಡಿರ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ 'ವಿ. ಪಿ. ರಿಕಾರ್ಡ್ಸ್' ಸ್ಥಾಪಿಸಿದರು. ವಿನ್ಸೆಂಟ್ 2003ರಲ್ಲಿ ತೀರಿಕೊಂಡರು. 2008ರಲ್ಲಿ ಅವರ ಮನೆಯವರು ಗ್ರೀನ್‌ಸ್ಲೀವ್ಸ್ ಎಂಬ ಲಂಡನ್ನಿನ ರೆಗೇ ಕಂಪನಿಯನ್ನು ಕೊಂಡಾಗ, ತಟ್ಟೆಗಳ ಜೊತೆಗೆ ಅದರ ಪ್ರಕಾಶನ ಶಾಖೆಯೂ ಬಂದಿತು. ಹಳೆಯ ತಟ್ಟೆಗಳ ಗುಡ್ಡೆಯಿಂದ ಆರಂಭವಾದ ಸಂಸಾರದ ಕಪಾಟಿಗೆ ಹೀಗೆ ಸಾವಿರಾರು ಹಾಡುಗಳ ಕರಾರು ಪತ್ರಗಳು ಸೇರಿದವು.