ಕಲ್ಮೇಶ್ವರ ದೇವಾಲಯ, ಜಲಸಂಗ್ವಿ

ಕಲ್ಮೇಶ್ವರ ದೇವಾಲಯವು ಬೀದರ್ ಜಿಲ್ಲೆಯ ಹುಮನಾಬಾದ್ ತಾಲ್ಲೂಕಿನ ಜಲಸಂಗ್ವಿ (ಜಲಸಂಗಿ) ಗ್ರಾಮದಲ್ಲಿರುವ ಕಲ್ಯಾಣದ ಚಾಲುಕ್ಯರ ಕಾಲದ ಶಿವಾಲಯ. ಈಶ್ವರ ದೇವಾಲಯವೆಂಬ ಹೆಸರೂ ಇದಕ್ಕಿದೆ. ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ (1076–1126) ಕಟ್ಟಲ್ಪಟ್ಟ ಈ ದೇವಾಲಯವನ್ನು ಸಾಮಾನ್ಯವಾಗಿ ಕ್ರಿ.ಶ. 1110ರ ಸುಮಾರಿಗೆ ಸೇರಿಸಲಾಗುತ್ತದೆ. ಹೊರಗೋಡೆಯ ಸ್ತ್ರೀಶಿಲ್ಪಗಳು, ಅದರಲ್ಲಿಯೂ ‘ಶಾಸನ ಸುಂದರಿ’ ಎಂದು ಪ್ರಸಿದ್ಧವಾದ ಶಿಲಾಬಾಲಿಕೆ, ಇದರ ಖ್ಯಾತಿಗೆ ಕಾರಣ.

ಹಿನ್ನೆಲೆ

ಚಾಲುಕ್ಯರ ರಾಜಧಾನಿಯಾಗಿದ್ದ ಕಲ್ಯಾಣವೇ ಇಂದಿನ ಬಸವಕಲ್ಯಾಣ. ವಿಕ್ರಮಾದಿತ್ಯನ ಆಸ್ಥಾನದಲ್ಲಿ ಕಾಶ್ಮೀರದ ಕವಿ ಬಿಲ್ಹಣನೂ ‘ಮಿತಾಕ್ಷರ’ದ ಕರ್ತೃ ವಿಜ್ಞಾನೇಶ್ವರನೂ ಇದ್ದರು. ಅಂತಹ ನಗರದಲ್ಲಿ ಆ ಕಾಲದ ಕಟ್ಟಡಗಳು ಇಡಿಯಾಗಿ ಉಳಿದುಬಂದಿಲ್ಲ. ಆದುದರಿಂದ ರಾಜಧಾನಿಯ ಪರಿಸರದ ಶಿಲ್ಪಕಲೆಯನ್ನು ಅರಿಯಲು ಜಲಸಂಗ್ವಿಯ ಈ ಗುಡಿ ಹಾಗೂ ಬಸವಕಲ್ಯಾಣದ ಸಮೀಪದ ನಾರಾಯಣಪುರದ ಶಿವಾಲಯ ಮುಖ್ಯ ಆಧಾರಗಳಾಗಿವೆ.

ವಾಸ್ತು

ಗರ್ಭಗೃಹ, ಅಂತರಾಳ ಹಾಗೂ ನವರಂಗಗಳಿರುವ ಈ ಗುಡಿಯ ಗರ್ಭಗೃಹದಲ್ಲಿ ಶಿವಲಿಂಗವಿದೆ. ಒಳಾಂಗಣಕ್ಕಿಂತ ಹೊರಗೋಡೆಯೇ ಹೆಚ್ಚು ಗಮನಾರ್ಹ. ಗೋಡೆ ಸಪಾಟಾಗಿರದೆ ಮುಂದಕ್ಕೆ ಚಾಚುತ್ತ, ಹಿಂದಕ್ಕೆ ಸರಿಯುತ್ತ ಹಲವು ಮೂಲೆಗಳಾಗಿ ಒಡೆಯುತ್ತದೆ. ಈ ಮಡಿಕೆಗಳಿಂದ ಬಿಸಿಲು ಬೀಳುವ ಭಾಗ ಮತ್ತು ನೆರಳಿನ ಭಾಗ ಒಂದರ ಪಕ್ಕದಲ್ಲೊಂದು ಬಂದು, ಅಲ್ಲಿ ನಿಂತ ಶಿಲ್ಪಗಳ ಮೈಬಾಗು ಎದ್ದು ಕಾಣುತ್ತದೆ.

ಸ್ತ್ರೀಶಿಲ್ಪಗಳು

ಗೋಡೆಯ ಉದ್ದಕ್ಕೂ ದೇವತೆಗಳ ನಡುವೆ ನರ್ತಿಸುವ, ಸಿಂಗರಿಸಿಕೊಳ್ಳುವ ಮದನಿಕೆಯರಿದ್ದಾರೆ. ನೀಳ ದೇಹ, ಸಡಿಲವಾದ ತ್ರಿಭಂಗಿ, ಮಿತವಾದ ಆಭರಣ ಇವರ ಲಕ್ಷಣ. ಹಲವು ವಿಗ್ರಹಗಳ ಕೈಕಾಲುಗಳು ಮುರಿದಿದ್ದರೂ ನಿಲುವಿನ ಲಯ ಕೆಟ್ಟಿಲ್ಲ.

ಶಾಸನ ಸುಂದರಿ

ತ್ರಿಭಂಗಿಯಲ್ಲಿ ನಿಂತ ಈ ತರುಣಿ ಫಲಕವೊಂದರ ಮೇಲೆ ಬರೆಯುತ್ತಿದ್ದಾಳೆ. ಆ ಫಲಕದಲ್ಲಿ ನಿಜವಾದ ಸಂಸ್ಕೃತ ಬರಹವೇ ಇದೆ. ಸಾಮಾನ್ಯವಾಗಿ ಶಾಸನವನ್ನು ಪ್ರತ್ಯೇಕ ಕಲ್ಲಿನ ಮೇಲೆ ಕೆತ್ತಿ ದಾನದ ವಿವರ, ತಿಥಿ, ಸಾಕ್ಷಿ, ಶಾಪಾಶಯಗಳನ್ನು ದಾಖಲಿಸುವುದು ವಾಡಿಕೆ. ಇಲ್ಲಿ ಅವೊಂದೂ ಇಲ್ಲ. ಚಾಲುಕ್ಯ ವಿಕ್ರಮಾದಿತ್ಯನನ್ನು ಏಳನೆಯ ವಿಷ್ಣುವರ್ಧನನೆಂದು ಕರೆದು, ಸಪ್ತದ್ವೀಪಗಳನ್ನೊಳಗೊಂಡ ಭೂಮಂಡಲವನ್ನು ಅವನು ತನ್ನದಾಗಿಸಿಕೊಳ್ಳುವನೆಂದು ಬರಹ ಸಾರುತ್ತದೆ. ಕ್ರಿಯಾಪದ ಭವಿಷ್ಯತ್ಕಾಲದ್ದೆಂಬುದು ಗಮನಾರ್ಹ: ಇದು ಗೆಲುವಿನ ದಾಖಲೆಗಿಂತ ಹಾರೈಕೆಗೆ ಹತ್ತಿರವಾದುದು. ಇಲ್ಲಿನ ‘ವಿಷ್ಣುವರ್ಧನ’ ಚಾಲುಕ್ಯ ಮನೆತನದಲ್ಲಿ ಹಿಂದಿನಿಂದ ಬಂದ ಹೆಸರು. ಹೊಯ್ಸಳ ಅರಸನೊಡನೆ ಇದನ್ನು ಬೆರೆಸಬಾರದು.

ದೇವಾಲಯದ ಕಾಲನಿರ್ಣಯಕ್ಕೂ ಈ ಬರಹ ನೆರವಾಗುತ್ತದೆ. ಅರಸನ ಹೆಸರು ಶಿಲ್ಪದ ಭಾಗವಾಗಿಯೇ ಇರುವುದರಿಂದ, ಗೋಡೆಯ ವಿಗ್ರಹಗಳು ಅವನ ಆಳ್ವಿಕೆಯವೆಂಬುದಕ್ಕೆ ಶೈಲಿಯ ಹೋಲಿಕೆಯಷ್ಟನ್ನೇ ನೆಚ್ಚಬೇಕಾಗಿಲ್ಲ.

ಬೇಲೂರಿನೊಡನೆ ಹೋಲಿಕೆ

ಬೇಲೂರಿನ ಮದನಿಕೆಯರಿಗೆ ಜಲಸಂಗ್ವಿಯ ಶಿಲ್ಪಗಳೇ ಸ್ಫೂರ್ತಿ ಎಂಬ ಮಾತು ಪ್ರಚಲಿತದಲ್ಲಿದೆ. ಬೇಲೂರಿನ ಚೆನ್ನಕೇಶವ ದೇವಾಲಯದ ಪ್ರತಿಷ್ಠೆ 1117ರಲ್ಲಿ ನಡೆಯಿತು. ಹೊಯ್ಸಳರು ಆಗ ಚಾಲುಕ್ಯರ ಸಾಮಂತರೆನಿಸಿಕೊಂಡಿದ್ದರು. ಆದ್ದರಿಂದ ಕಲ್ಪನೆ ಉತ್ತರದಿಂದ ದಕ್ಷಿಣಕ್ಕೆ ಸಾಗಿರುವುದು ಸಂಭವನೀಯ. ಆದರೂ ಇವೆರಡರಲ್ಲಿ ಮುಖ್ಯ ವ್ಯತ್ಯಾಸವೊಂದಿದೆ. ಬೇಲೂರಿನ ಮದನಿಕೆಯರು ಬೇರೆಯಾಗಿ ಕಡೆದು ಸೂರಿನ ಕೆಳಗೆ ಓರೆಯಾಗಿ ಕೂರಿಸಿದ ವಿಗ್ರಹಗಳು. ಬಳ್ಳಿಗಳ ಚೌಕಟ್ಟಿನೊಳಗೆ ನಿಂತ ಅವರನ್ನು ತಲೆಯೆತ್ತಿ ನೋಡಬೇಕು. ಜಲಸಂಗ್ವಿಯವರು ಗೋಡೆಗೇ ಸೇರಿ ನಿಂತವರು, ನೋಡುಗನಿಗೆ ಹತ್ತಿರದವರು. ನಾರಾಯಣಪುರದ ಶಿವಾಲಯದಲ್ಲಿಯೂ ಇದೇ ಬಗೆಯ ಸ್ತ್ರೀಶಿಲ್ಪಗಳಿವೆ.